ಎಂಬಿಬಿಎಸ್ ಓದದವರು ಎಪಿಡೆಮಿಯಾಲಜಿ ಕಲಿಯಬಹುದಾ? ಮಂಗನ ಕಾಯಿಲೆ ಇಷ್ಟು ವರ್ಷ ಆದ್ರೂ ಯಾಕೆ ಹೋಗಿಲ್ಲ?

ಕಾನಂಚಿನ_ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಬಿಎಸ್ಸಿ ಕೊನೇ ವರ್ಷ, ಝುವಾಲಜಿ ಮತ್ತು ಕೆಮಿಸ್ಟ್ರಿ. ಊರು ಸಾಗರ ತಾಲ್ಲೂಕು, ಶರಾವತಿ ಹಿನ್ನೀರಿನ ಕಡೆ. ನಮ್ಮಲ್ಲಿ ಡಿಸೆಂಬರ್ ಬಂತು ಅಂದ್ರೆ ಮಂಗನ ಕಾಯಿಲೆಯ ಮಾತು ಶುರುವಾಗುತ್ತೆ. 2018-19ರಲ್ಲಿ ಅರಳಗೋಡು ಭಾಗದಲ್ಲಿ ಏನಾಯ್ತು ಅಂತ ಇಲ್ಲಿ ತುಂಬಾ ಜನರಿಗೆ ನೆನಪಿರಬೇಕು. ಆಗ ನಾನು ಹೈಸ್ಕೂಲು. ಜೀಪಲ್ಲಿ ಬಂದವರು ಮನೆಮನೆಗೆ ಹೋಗಿ ಏನೇನೋ ಕೇಳಿ ಬರ್ಕೊಳ್ತಿದ್ರು, ರಕ್ತ ತಗೊಳ್ತಿದ್ರು. ಆ ಕೆಲಸದ ಹೆಸರು ಎಪಿಡೆಮಿಯಾಲಜಿ ಅಂತ ಗೊತ್ತಾಗಿದ್ದು ಡಿಗ್ರಿಗೆ ಬಂದ ಮೇಲೆ. ಈಗ ಅದನ್ನೇ ಓದಬೇಕು ಅಂತ ಮನಸ್ಸಾಗಿದೆ.

ನನ್ನ ಪ್ರಶ್ನೆಗಳು. ಇದಕ್ಕೆ ಡಾಕ್ಟರೇ ಆಗಿರಬೇಕಾ? ಗಣಿತ ಪಿಯುಸಿಗೇ ಬಿಟ್ಟವಳು ನಾನು, ಕಷ್ಟ ಆಗುತ್ತಾ? ಆಮೇಲೆ ದಿನಾ ಮಾಡೋ ಕೆಲಸ ನಿಜವಾಗಿ ಹೇಗಿರುತ್ತೆ, ಲ್ಯಾಬಿನದ್ದಾ, ಕಂಪ್ಯೂಟರ್ ಮುಂದಿನದ್ದಾ, ಕಾಡು ಸುತ್ತೋದಾ?

ಇನ್ನೊಂದು ಪ್ರಶ್ನೆ, ಇದು ಬಹಳ ದಿನದಿಂದ ತಲೇಲಿದೆ. ಮಂಗನ ಕಾಯಿಲೆ ಕಂಡುಹಿಡಿದದ್ದು 1957ರಲ್ಲಿ. ವೈರಸ್ ಯಾವುದು, ಹರಡೋದು ಯಾವುದು, ಎಲ್ಲಾ ಆಗಲೇ ಗೊತ್ತಾಯ್ತಂತೆ. ಹಾಗಿದ್ರೂ ಇವತ್ತಿಗೂ ಯಾಕೆ ಹೋಗಿಲ್ಲ? ನಮ್ಮೂರಲ್ಲಿ ಕೆಲವರು ಮಂಗಗಳನ್ನೆಲ್ಲ ಹಿಡಿದು ಸಾಗಿಸಿಬಿಟ್ರೆ ಮುಗೀತು ಅಂತಾರೆ. ಇನ್ನು ಕೆಲವರು ಲಸಿಕೆ ಹಾಕಿಸಿಕೊಂಡವರಿಗೇ ಜಾಸ್ತಿ ಬಂದಿತ್ತು, ಅದು ಸುಮ್ನೆ ದಂಡ ಅಂತಾರೆ. ಇವರಿಗೆ ಏನು ಉತ್ತರ ಕೊಡಬೇಕು ಅಂತ ಗೊತ್ತಾಗಲ್ಲ. ತಿಳಿದವರು ಹೇಳಿ.

---

ಲೈನ್‌ಲಿಸ್ಟ್

ತಂಗಿ, ನಾನು ಒಂದು ಜಿಲ್ಲೆಯ ಸರ್ವೇಲೆನ್ಸ್ ಘಟಕದಲ್ಲಿ, ಅಂದ್ರೆ ರೋಗಗಳ ಮೇಲೆ ಕಣ್ಣಿಡೋ ಕಡೆ, ಕೆಲಸ ಮಾಡ್ತೇನೆ. ನಾನೂ ಡಾಕ್ಟರ್ ಅಲ್ಲ, ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಮಾಡಿದವನು. ಹಾಗಾಗಿ ಮೊದಲ ಪ್ರಶ್ನೆಗೆ ಉತ್ತರ ಇಲ್ಲೇ ಸಿಕ್ತು. ಝುವಾಲಜಿ, ನರ್ಸಿಂಗ್, ಪಶುವೈದ್ಯ, ಸ್ಟಾಟಿಸ್ಟಿಕ್ಸ್ ಎಲ್ಲಾ ಕಡೆಯಿಂದ ಜನ ಇಲ್ಲಿಗೆ ಬರ್ತಾರೆ. ಕೆಲವು ಹುದ್ದೆ, ಕೆಲವು ತರಬೇತಿ ವೈದ್ಯರಿಗೇ ಮೀಸಲು ಅನ್ನೋದು ನಿಜ. ಉಳಿದದ್ದೂ ಬೇಕಾದಷ್ಟಿದೆ.

ಕೆಲಸ ಹೇಗಿರುತ್ತೆ ಅಂತ ಕೇಳಿದ್ರಿ. ಎಲ್ಲಿಂದಲೋ ಜ್ವರದ ಸುದ್ದಿ ಬಂತು ಅಂದ್ಕೊಳ್ಳಿ. ಮೊದಲು ಯಾರನ್ನು ಕೇಸ್ ಅಂತ ಎಣಿಸ್ತೀವಿ ಅನ್ನೋದನ್ನು ಬರೆದಿಟ್ಕೋಬೇಕು. ಇಂಥ ಊರುಗಳಲ್ಲಿ ಇರುವವರು, ಇಂಥ ದಿನದ ಮೇಲೆ ಇದ್ದಕ್ಕಿದ್ದ ಹಾಗೆ ಜೋರು ಜ್ವರ ಬಂದವರು, ಜೊತೆಗೆ ತಲೆನೋವು, ಮೈಕೈ ನೋವು ಇರುವವರು, ಹೀಗೆ. ಇದನ್ನು ಮಾಡದೆ ಎಣಿಸೋಕೆ ಹೋದ್ರೆ ಒಬ್ಬ ಒಂದು ಥರ ಎಣಿಸ್ತಾನೆ, ಇನ್ನೊಬ್ಬ ಇನ್ನೊಂದು ಥರ. ಆಮೇಲೆ ಲೈನ್ ಲಿಸ್ಟ್. ಒಬ್ಬ ರೋಗಿಗೆ ಒಂದು ಸಾಲು. ವಯಸ್ಸು, ಗಂಡು ಹೆಣ್ಣು, ಮನೆ ಎಲ್ಲಿ, ಕೆಲಸ ಏನು, ಜ್ವರ ಯಾವತ್ತು ಶುರುವಾಯ್ತು, ಸ್ಯಾಂಪಲ್ ಯಾವತ್ತು ತೆಗೆದರು, ಲಸಿಕೆ ಆಗಿತ್ತಾ, ಏನಾಯ್ತು.

ಇದರಲ್ಲಿ ಹೊಸಬರು ಕೈಬಿಡೋದು ಜ್ವರ ಶುರುವಾದ ದಿನ. ಲ್ಯಾಬ್ ರಿಪೋರ್ಟ್ ಬಂದ ದಿನ ಕಾಗದದಲ್ಲೇ ಇರುತ್ತೆ, ಅದನ್ನೇ ತುಂಬಿಬಿಡ್ತಾರೆ. ಆದ್ರೆ ರಿಪೋರ್ಟ್ ಬಂದ ದಿನ ಹೇಳೋದು ಲ್ಯಾಬಿನ ಕತೆ, ರೋಗದ್ದಲ್ಲ. ಮಂಗನ ಕಾಯಿಲೆಯಲ್ಲಿ ಉಣುಗು (ರಕ್ತ ಹೀರೋ ಉಣ್ಣೆ ಹುಳ, ಟಿಕ್) ಕಚ್ಚಿ ಸಾಮಾನ್ಯವಾಗಿ 3ರಿಂದ 8 ದಿನಕ್ಕೆ ಜ್ವರ ಬರುತ್ತೆ. ಶುರುವಾದ ದಿನ ಸರಿಯಾಗಿ ಗೊತ್ತಿದ್ರೆ ಹಿಂದಕ್ಕೆ ಲೆಕ್ಕ ಹಾಕಿ ಆ ವಾರ ಎಲ್ಲಿಗೆ ಹೋಗಿದ್ರಿ ಅಂತ ಕೇಳಬಹುದು. ಸೌದೆಗೆ ಯಾವ ಗುಡ್ಡ, ದರಗು (ಒಣ ಎಲೆ) ಗುಡಿಸೋಕೆ ಯಾವ ಸೊಪ್ಪಿನ ಬೆಟ್ಟ, ದನ ಎಲ್ಲಿ ಮೇಯುತ್ತೆ. ನಾಲ್ಕೈದು ಮನೆಯವರು ಒಂದೇ ಜಾಗದ ಹೆಸರು ಹೇಳಿದ್ರೆ ಅಲ್ಲಿ ಸತ್ತ ಮಂಗ ಏನಾದ್ರೂ ಇತ್ತಾ ಅಂತ ಹುಡುಕಬೇಕು.

ಇನ್ನೊಂದು ಮಾತು. ಕಾಯಿಲೆ ಬಂದವರನ್ನಷ್ಟೇ ಕೇಳಿದ್ರೆ ಸಾಲದು. ಅದೇ ಮನೇಲಿ, ಅದೇ ಓಣೀಲಿ ಬರದೇ ಇರುವವರನ್ನೂ ಅದೇ ಪ್ರಶ್ನೆ ಕೇಳಬೇಕು. ಬಂದವರೆಲ್ಲ ಕಾಡಿಗೆ ಹೋಗಿದ್ರು ಸರಿ, ಬರದವರೂ ಎಲ್ಲ ಹೋಗಿದ್ರೆ? ಆಗ ಕಾಡು ಅನ್ನೋದೊಂದೇ ಉತ್ತರ ಆಗಲ್ಲ, ಅಲ್ವಾ? ಯಾವ ಕಡೆ ಹೋಗಿದ್ರು, ಉಣುಗು ಹತ್ತದ ಹಾಗೆ ಎಣ್ಣೆ ಹಚ್ಚಿದ್ರಾ, ಮನೆಗೆ ಬಂದು ಸ್ನಾನ ಮಾಡಿದ್ರಾ ಅಂತ ಒಳಗೆ ಇಳಿಬೇಕು. ನಾನು ಈ ಕೆಲಸವನ್ನು ಇಷ್ಟಪಡೋದೇ ಈ ಒಂದು ಕಾರಣಕ್ಕೆ. ಚೆನ್ನಾಗಿರುವವರ ಮನೆ ಬಾಗಿಲಿಗೂ ಹೋಗಬೇಕು. ಅವರು ನಮಗೇನೂ ಆಗಿಲ್ವಲ್ಲ, ನಮ್ಮನ್ಯಾಕೆ ಕೇಳ್ತೀರಿ ಅಂತಾರೆ, ಕೂತು ವಿವರಿಸಬೇಕು.

ಕಚೇರಿ ಕೆಲಸವೂ ಇದೆ. ದೇಶದಲ್ಲಿ 2004ರಲ್ಲಿ ಶುರುವಾದ ಐಡಿಎಸ್‌ಪಿ ಅಂತ ರೋಗಗಳ ಮೇಲೆ ಕಣ್ಣಿಡೋ ವ್ಯವಸ್ಥೆ ಇದೆ. ಊರಿನ ಆರೋಗ್ಯ ಕಾರ್ಯಕರ್ತೆ ಲಕ್ಷಣ ನೋಡಿ ತುಂಬೋದು ಎಸ್ ಫಾರ್ಮ್, ಡಾಕ್ಟರ್ ತುಂಬೋದು ಪಿ, ಲ್ಯಾಬಿನವರದ್ದು ಎಲ್. ಈಗ ಅದೆಲ್ಲ ಐಎಚ್‌ಐಪಿ ಅನ್ನೋ ಆನ್‌ಲೈನ್ ವ್ಯವಸ್ಥೆಯಲ್ಲಿ ಬರುತ್ತೆ. ಬೆಳಗ್ಗೆ ಬಂದ ಕೂಡಲೇ ಯಾವ ಪಿಎಚ್‌ಸಿಯಲ್ಲಿ ಜ್ವರದ ಸಂಖ್ಯೆ ಏರಿದೆ ಅಂತ ನೋಡ್ತೀವಿ. ಸೊನ್ನೆ ಅಂತ ಬಂದ್ರೂ ನಿಜವಾಗಿ ಜ್ವರ ಇಲ್ವಾ, ತುಂಬಿಲ್ವಾ ಅಂತ ಫೋನ್ ಮಾಡಿ ಕೇಳಬೇಕು.

---

ಉಣುಗಿನ_ಜಾಡು

ನಾನು ಕೀಟಶಾಸ್ತ್ರದ ಕಡೆಯಿಂದ ಬಂದವಳು, ಮಂಗಗಳ ಪ್ರಶ್ನೆಗೆ ನಾನು ಹೇಳ್ತೇನೆ.

ಮೊದಲು 1957ರ ಕತೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸಾಯ್ತಿವೆ, ಹಳ್ಳಿಯವರಿಗೂ ಜ್ವರ ಬರ್ತಿದೆ ಅಂತ ಸುದ್ದಿ ಹೋಯ್ತು. ಪುಣೆಯಲ್ಲಿ ಆಗ ವೈರಸ್ ರಿಸರ್ಚ್ ಸೆಂಟರ್ ಇತ್ತು, ಇವತ್ತಿನ ಎನ್‌ಐವಿ ಅದೇ. ಅಲ್ಲಿಂದ ತಂಡ ಬಂತು. ಮಂಗ ಸಾಯೋದು, ಮನುಷ್ಯರಿಗೆ ಜ್ವರ ಬರೋದು ಎರಡೂ ಒಟ್ಟಿಗೆ ಕಂಡಾಗ ಅವರಿಗೆ ಮೊದಲು ಬಂದ ಭಯ ಹಳದಿ ಜ್ವರದ್ದು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಅದು ಮಂಗಗಳನ್ನು ಹೀಗೇ ಕೊಲ್ಲುತ್ತೆ. ಏಷ್ಯಾದಲ್ಲಿ ಅದು ಹರಡಿಲ್ಲ, ಹರಡಿದ್ರೆ ಅನಾಹುತ. ಆದ್ರೆ ವೈರಸ್ ಬೇರ್ಪಡಿಸಿ ನೋಡಿದಾಗ ಅದು ರಷ್ಯಾ ಕಡೆಯ, ಉಣುಗಿನಿಂದ ಹರಡುವ ಮೆದುಳು ಜ್ವರದ ವೈರಸ್ಸಿನ ಬಳಗದ್ದು ಅಂತ ತಿಳೀತು. ಹಾಗಾಗಿ ಸೊಳ್ಳೆ ಬಿಟ್ಟು ಉಣುಗಿನ ಹಿಂದೆ ಬಿದ್ದರು. ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಆ ಕಾಲದ ವಿಜ್ಞಾನಿಗಳು. ಆಮೇಲೆ ಸಾಗರದಲ್ಲೇ ಕ್ಷೇತ್ರ ಕೇಂದ್ರ ಇಟ್ಟುಕೊಂಡು ವರ್ಷಗಟ್ಟಲೆ ಕೆಲಸ ಮಾಡಿದರು. ಪಿ.ಕೆ. ರಾಜಗೋಪಾಲನ್, ಕೊಲಂಬಿಯಾದ ಹೋರ್ಹೆ ಬೊಶೆಲ್ ಇವರ ಕೆಲಸ ಹುಡುಕಿ ಓದಿ. ನಿಮ್ಮೂರಿನ ಕಾಡಿನ ವಿವರ ಅಷ್ಟು ಸೂಕ್ಷ್ಮವಾಗಿ ಬೇರೆಲ್ಲೂ ಸಿಗಲ್ಲ.

ಈಗ ಉಣುಗು. ಮುಖ್ಯವಾದದ್ದು ಹೀಮಾಫೈಸಾಲಿಸ್ ಸ್ಪಿನಿಜೆರಾ. ಅದರ ಬಾಳು ಮೂರು ಹಂತದ್ದು. ಮಳೆಗಾಲ ಮುಗಿಯುವ ಹೊತ್ತಿಗೆ ಮೊಟ್ಟೆಯಿಂದ ಮರಿ ಹೊರಡುತ್ತೆ, ಇಲಿ, ಮೂಗಿಲಿ, ಹಕ್ಕಿ ಹೀಗೆ ಸಣ್ಣ ಪ್ರಾಣಿಗಳ ರಕ್ತ ಕುಡಿಯುತ್ತೆ. ಅದು ಪೊರೆ ಕಳಚಿ ನಿಂಫ್, ಅಂದ್ರೆ ಎಳೆ ಉಣುಗು, ಆಗುತ್ತೆ. ಈ ನಿಂಫ್ ನವೆಂಬರ್‌ನಿಂದ ಮೇವರೆಗೆ ಕಾಡಿನ ನೆಲದಲ್ಲಿ ಜಾಸ್ತಿ, ಮಂಗ ಮತ್ತು ಮನುಷ್ಯರನ್ನು ಹತ್ತೋದು ಇದೇ. ಗಾತ್ರ ಒಂದು ಮಿಲಿಮೀಟರ್ ಆಸುಪಾಸು, ಕಾಲಿನ ಮೇಲೆ ಕೂತಿದ್ರೂ ಕೊಳೆ ಅಂತ ಬಿಟ್ಟುಬಿಡ್ತೀವಿ. ಬೆಳೆದ ಉಣುಗು ದೊಡ್ಡ ಪ್ರಾಣಿಗಳಿಗೆ ಹೋಗುತ್ತೆ, ನಮ್ಮ ಕಡೆ ಹೆಚ್ಚಾಗಿ ದನಕ್ಕೆ. ದನಕ್ಕೆ ಕಾಯಿಲೆ ಬರಲ್ಲ, ಆದ್ರೆ ಹೆಣ್ಣು ಉಣುಗಿಗೆ ಮೊಟ್ಟೆ ಇಡೋಕೆ ಬೇಕಾದ ರಕ್ತ ಕೊಡೋದು ಅದೇ. ಒಂದು ಹಂತದಲ್ಲಿ ಹೊಕ್ಕ ವೈರಸ್ ಮುಂದಿನ ಹಂತಕ್ಕೂ ಹೋಗುತ್ತೆ.

ಈ ಸರಪಳಿಯಲ್ಲಿ ಮಂಗ ಎಲ್ಲಿದೆ ನೋಡಿ. ಕೆಂಪು ಮೂತಿಯದ್ದು, ಮುಸುವ ಎರಡಕ್ಕೂ ಸೋಂಕು ತಗಲುತ್ತೆ, ಎರಡೂ ಸಾಯ್ತವೆ. ಸೋಂಕಾದ ಮಂಗದ ರಕ್ತದಲ್ಲಿ ವೈರಸ್ ತುಂಬಿರುತ್ತೆ, ಆಗ ಮೈಮೇಲಿದ್ದ ನೂರಾರು ಉಣುಗಿಗೆ ಸೋಂಕು. ಮಂಗ ಸತ್ತು ಬಿದ್ದ ಮೇಲೆ ಅವೆಲ್ಲ ಅಲ್ಲೇ ಕೆಳಗೆ ಇಳಿಯುತ್ತವೆ. ಆ ಜಾಗ ಅಪಾಯದ ತಾಣ. ಅದಕ್ಕೇ ಮುಂಚಿನಿಂದ ಸತ್ತ ಮಂಗದ ಸುತ್ತ 50 ಮೀಟರ್ ಮಲಾಥಿಯಾನ್ ಅನ್ನೋ ಕೀಟನಾಶಕದ ಪುಡಿ ಹೊಡೆಯೋ ಪದ್ಧತಿ ಇತ್ತು.

ಮಂಗಗಳನ್ನು ಹಿಡಿದು ಸಾಗಿಸಿದ್ರೆ? ಮೈಮೇಲಿನ ಉಣುಗು ಸಮೇತ ಇನ್ನೊಂದು ಊರಿನ ಕಾಡಿಗೆ ಬಿಟ್ಟ ಹಾಗೆ. ಇಲ್ಲಿ ಇಲಿ, ಮೂಗಿಲಿ, ಉಣುಗು ಹಾಗೇ ಉಳೀತವೆ. ಜೊತೆಗೆ ಮಂಗ ಸತ್ತಿದ್ದರಿಂದ ನಮಗೆ ಮುಂಚೆಯೇ ಸಿಗ್ತಿದ್ದ ಸೂಚನೆಯೂ ಹೋಯ್ತು. ನಿಮ್ಮೂರಿನವರಿಗೆ ಇದನ್ನು ದಯವಿಟ್ಟು ಹೇಳಿ. ಮಂಗ ಸತ್ತದ್ದು ಕಂಡ್ರೆ ಮುಟ್ಟಬೇಡಿ, ಹತ್ತಿರ ಹೋಗಬೇಡಿ, ಪಿಎಚ್‌ಸಿಗೋ ಅರಣ್ಯದವರಿಗೋ ಕೂಡಲೇ ತಿಳಿಸಿ. 2012ರ ಕೊನೆಗೆ ಬಂಡೀಪುರದಲ್ಲಿ ಕಾಯಿಲೆ ಬಂದದ್ದು ಸತ್ತ ಮಂಗಗಳ ವಿಲೇವಾರಿ ಕೆಲಸದಲ್ಲಿದ್ದ ಅರಣ್ಯ ಸಿಬ್ಬಂದಿಗೆ.

ನಿಮ್ಮ ದೊಡ್ಡ ಪ್ರಶ್ನೆ, ಯಾಕೆ ಹೋಗಿಲ್ಲ ಅಂತ. ಸಿಡುಬನ್ನು ನೋಡಿ. ಅದು ಮನುಷ್ಯರಲ್ಲಿ ಮಾತ್ರ ಇತ್ತು, ಬಂದವರ ಮುಖ ನೋಡಿದ್ರೇ ಗೊತ್ತಾಗ್ತಿತ್ತು, ಒಂದು ಸಲ ಹಾಕಿದ್ರೆ ವರ್ಷಗಟ್ಟಲೆ ಕಾಯುವ ಲಸಿಕೆ ಇತ್ತು. ಕೇಸ್ ಹುಡುಕಿ ಸುತ್ತಲಿನವರಿಗೆಲ್ಲ ಲಸಿಕೆ ಹಾಕ್ತಾ ಹೋದ್ರು, 1975ಕ್ಕೆ ನಮ್ಮ ದೇಶದಲ್ಲಿ ಮುಗೀತು. ಮಂಗನ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡೋದೇ ಇಲ್ಲ. ನಾವು ಅದರ ದಾರಿಯಲ್ಲಿ ಅಡ್ಡ ಸಿಕ್ಕವರು ಅಷ್ಟೇ. ಊರಿನ ಎಲ್ಲರಿಗೂ ಪರ್ಫೆಕ್ಟ್ ಲಸಿಕೆ ಹಾಕಿದ್ರೂ ಕಾಡಿನಲ್ಲಿ ವೈರಸ್ ತನ್ನ ಪಾಡಿಗೆ ಸುತ್ತುತ್ತಾ ಇರುತ್ತೆ. ಹಾಗಾಗಿ ಇಲ್ಲಿ ನಿರ್ಮೂಲನೆ ಅನ್ನೋ ಗುರಿ ಇಟ್ಕೊಳ್ಳೋಕೆ ಆಗಲ್ಲ. ಯಾರೂ ಸಾಯದ ಹಾಗೆ, ಆದಷ್ಟು ಯಾರಿಗೂ ಬರದ ಹಾಗೆ ನೋಡ್ಕೊಳ್ಳೋದು ಗುರಿ. ಅದು ಪ್ರತಿ ವರ್ಷವೂ ಮಾಡಬೇಕಾದ ಕೆಲಸ. ಎರಡು ವರ್ಷ ಕೇಸ್ ಕಮ್ಮಿಯಾದ್ರೆ ದುಡ್ಡು, ಸಿಬ್ಬಂದಿ ಬೇರೆ ಕಡೆ ಹೋಗುತ್ತೆ. ನನಗೆ ಸಿಟ್ಟು ಬರೋದು ಅಲ್ಲಿ.

ಇನ್ನು ಹರಡುತ್ತಿರೋ ವಿಷಯ. ಮೊದಮೊದಲು ಶಿವಮೊಗ್ಗ ಜಿಲ್ಲೆ ಅಷ್ಟೇ ಇತ್ತು. 1980ರ ದಶಕದ ಮೊದಲಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಗೇರು ತೋಟಕ್ಕಾಗಿ ಕಾಡು ಕಡಿದಾಗ ದೊಡ್ಡದಾಗಿ ಸ್ಫೋಟವಾಯ್ತು. 1983 ಒಂದೇ ವರ್ಷದಲ್ಲಿ 1,500ಕ್ಕೂ ಮೇಲ್ಪಟ್ಟು ಜನರಿಗೆ ಬಂತು. ಈಚೆಗೆ ಕೇರಳದ ವಯನಾಡು, ಗೋವಾದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗದಲ್ಲೂ ಕಂಡಿದೆ. ಸತ್ತರಿಯಲ್ಲೂ ಸಿಕ್ಕಿಬಿದ್ದವರು ಗೇರು ತೋಟದ ಕೆಲಸಗಾರರು. ಗೇರು ಹಣ್ಣು ಆರಿಸೋ ಕಾಲ, ನಿಂಫ್ ನೆಲದಲ್ಲಿರೋ ಕಾಲ ಎರಡೂ ಒಂದೇ. ನಮ್ಮಲ್ಲಿ ಅಡಿಕೆ ಕೊಯ್ಲು ಮುಗಿಸಿ ದರಗು, ಸೌದೆಗೆ ಹೋಗೋದೂ ಅದೇ ತಿಂಗಳುಗಳಲ್ಲಿ. ಇದು ಹೊಸ ಜಾಗಕ್ಕೆ ಹೋಗಿದ್ದಾ, ಮೊದಲೇ ಇದ್ದದ್ದು ಈಗ ಟೆಸ್ಟ್ ಮಾಡಿದ್ದಕ್ಕೆ ಕಂಡಿದ್ದಾ? ನೀವು ಈ ವಿಷಯ ಓದಿದ್ರೆ ಈ ಪ್ರಶ್ನೆಗೆ ಮತ್ತೆ ಮತ್ತೆ ಬರ್ತೀರಿ. ಹಳೆಯ ರಕ್ತದ ಸ್ಯಾಂಪಲ್ ಇಟ್ಟಿದ್ರೆ ಆಂಟಿಬಾಡಿ ನೋಡಿ ಹೇಳಬಹುದು, ಇಲ್ಲದಿದ್ರೆ ಕಷ್ಟ.

---

ಲೆಕ್ಕದ_ಮೇಷ್ಟ್ರು

ಲಸಿಕೆ ಪ್ರಶ್ನೆ ನನಗೆ ಬಿಡಿ. ಗಣಿತದ ಭಯಕ್ಕೂ ಇದರಲ್ಲೇ ಉತ್ತರ ಇದೆ.

ಉದಾಹರಣೆಗೆ ಅಂತ ಒಂದು ಊರು ಕಲ್ಪಿಸ್ಕೊಳ್ಳಿ, ಸಂಖ್ಯೆಗಳು ನಾನೇ ಮಾಡಿದ್ದು. ಊರಲ್ಲಿ 1,000 ಜನ. 800 ಜನ ಲಸಿಕೆ ಹಾಕಿಸ್ಕೊಂಡಿದ್ದಾರೆ, 200 ಜನ ಇಲ್ಲ. ಆ ವರ್ಷ 20 ಜನರಿಗೆ ಕಾಯಿಲೆ ಬಂತು. ಅದರಲ್ಲಿ 12 ಜನ ಲಸಿಕೆ ಹಾಕಿಸ್ಕೊಂಡವರು, 8 ಜನ ಹಾಕಿಸ್ಕೊಳ್ಳದವರು. ಅಂಗಡಿ ಕಟ್ಟೆ ಮೇಲೆ ಏನಂತಾರೆ? ಲಸಿಕೆ ಹಾಕಿಸ್ಕೊಂಡವರಿಗೇ ಜಾಸ್ತಿ ಬಂತು ಅಂತಾರೆ. 12 ಅನ್ನೋದು 8ಕ್ಕಿಂತ ಜಾಸ್ತಿನೇ, ಆ ಮಾತು ಸುಳ್ಳಲ್ಲ.

ಈಗ ಎಷ್ಟರಲ್ಲಿ ಎಷ್ಟು ಅಂತ ಕೇಳಿ. ಹಾಕಿಸ್ಕೊಂಡ 800ರಲ್ಲಿ 12, ಅಂದ್ರೆ ನೂರಕ್ಕೆ ಒಂದೂವರೆ. ಹಾಕಿಸ್ಕೊಳ್ಳದ 200ರಲ್ಲಿ 8, ಅಂದ್ರೆ ನೂರಕ್ಕೆ ನಾಲ್ಕು. ಒಂದೂವರೆಯನ್ನು ನಾಲ್ಕರಿಂದ ಭಾಗಿಸಿ, ಒಂದರಿಂದ ಕಳೆಯಿರಿ. ಬರೋದು 0.625. ಅಂದ್ರೆ ಲಸಿಕೆ ಕಾಯಿಲೆಯ ಸಾಧ್ಯತೆಯನ್ನು ಶೇ. 62.5ರಷ್ಟು ತಗ್ಗಿಸಿತು. ಬೇಕಾಗಿರೋದು ಕೂಡೋದು, ಕಳೆಯೋದು, ಭಾಗಾಕಾರ. ಮುಂದೆ ಸ್ಟಾಟಿಸ್ಟಿಕ್ಸ್ ಬರುತ್ತೆ, ಲಾಜಿಸ್ಟಿಕ್ ರಿಗ್ರೆಷನ್ ಎಲ್ಲ ಬರುತ್ತೆ. ಅದನ್ನು ಮಾಡೋಕೆ ಸಾಫ್ಟ್‌ವೇರ್ ಇದೆ. ಆದ್ರೆ ಲಸಿಕೆ ಆದವರು, ಆಗದವರು, ಕಾಯಿಲೆ ಬಂದವರು, ಬರದವರು ಅನ್ನೋ ಈ ನಾಲ್ಕು ಚೌಕದ ಪಟ್ಟಿ ತಲೆಗೆ ಹೋಗದವರಿಗೆ ಸಾಫ್ಟ್‌ವೇರ್ ಕೊಟ್ಟೂ ಉಪಯೋಗ ಇಲ್ಲ.

ನಿಜವಾದ ಅಂಕಿ ಹೇಳ್ತೇನೆ. ಈ ಲಸಿಕೆ, ಕೋಳಿ ಭ್ರೂಣದ ಜೀವಕೋಶದಲ್ಲಿ ವೈರಸ್ ಬೆಳೆಸಿ ಫಾರ್ಮಲಿನ್‌ನಿಂದ ಸಾಯಿಸಿ ಮಾಡಿದ್ದು, 1990ರಿಂದ ಬಳಕೆಗೆ ಬಂತು. ಶುರುವಿನ ಪ್ರಯೋಗದಲ್ಲಿ ಎರಡು ಡೋಸ್ ಹಾಕಿಸ್ಕೊಂಡವರಿಗೆ ಶೇ. 93.5 ರಕ್ಷಣೆ ಅಂತ ಬಂದಿತ್ತು. ಆಮೇಲೆ 2005ರಿಂದ 2010ರವರೆಗಿನ ಅಂಕಿ ತೆಗೆದು ನೋಡಿದಾಗ ಎರಡು ಡೋಸಿಗೆ ಶೇ. 62.4, ಬೂಸ್ಟರ್ ಸೇರಿದ್ರೆ ಶೇ. 82.9. ಒಂದೇ ಡೋಸ್ ತಗೊಂಡು ಬಿಟ್ಟವರಿಗೆ ಪ್ರಯೋಜನ ಕಾಣಲಿಲ್ಲ. ನಿಮ್ಮೂರಲ್ಲಿ ಹಾಕಿಸ್ಕೊಂಡಿದ್ದೆ ಅನ್ನುವವರಲ್ಲಿ ಎಷ್ಟು ಜನ ಒಂದೇ ಡೋಸಿಗೆ ನಿಲ್ಲಿಸಿದ್ರು ಅಂತ ಕೇಳಿ ನೋಡಿ.

ಇನ್ನೊಂದು ಜಾಗ್ರತೆ. ಯಾರು ಲಸಿಕೆಗೆ ಮುಂದೆ ಬರ್ತಾರೆ? ಕಾಡಿಗೆ ದಿನಾ ಹೋಗುವವರು ಭಯಕ್ಕೆ ಬರಬಹುದು. ಪೇಟೆಯಲ್ಲಿ ಕೆಲಸ ಮಾಡುವವರು ನಮಗ್ಯಾಕೆ ಅಂತ ಬಿಡಬಹುದು. ಆಗ ಲಸಿಕೆ ಆದವರಲ್ಲಿ ಉಣುಗು ಕಚ್ಚಿಸಿಕೊಳ್ಳುವವರೇ ಜಾಸ್ತಿ, ಲಸಿಕೆಯ ಗುಣ ಇದ್ದದ್ದಕ್ಕಿಂತ ಕಮ್ಮಿ ಕಾಣುತ್ತೆ. ಕಾಡಿಗೆ ಹೋಗುವವರನ್ನು ಒಂದು ಗುಂಪು, ಹೋಗದವರನ್ನು ಇನ್ನೊಂದು ಗುಂಪು ಮಾಡಿ ಬೇರೆ ಬೇರೆಯಾಗಿ ಹೋಲಿಸಬೇಕು. ಎಪಿಡೆಮಿಯಾಲಜಿಯ ಅರ್ಧ ಪಾಠ ಇಂಥ ತೊಡಕು ಬಿಡಿಸೋದೇ. ನಿಮಗೆ ಊರು ಗೊತ್ತು, ಯಾರು ಎಲ್ಲಿಗೆ ಯಾಕೆ ಹೋಗ್ತಾರೆ ಗೊತ್ತು. ಅದು ದೆಹಲಿಯಲ್ಲಿ ಕೂತ ಗಣಿತಜ್ಞರಿಗೆ ಗೊತ್ತಿರಲ್ಲ.

---

ಪಿಎಚ್‌ಸಿ_ಸಿಸ್ಟರ್

ಮೇಷ್ಟ್ರು ಹೇಳಿದ ಒಂದೇ ಡೋಸಿನ ವಿಷಯಕ್ಕೆ ಸ್ವಲ್ಪ ಸೇರಿಸ್ತೇನೆ. ಮಲೆನಾಡಿನ ಪಿಎಚ್‌ಸಿಗಳಲ್ಲಿ ಬಹಳ ವರ್ಷ ಈ ಲಸಿಕೆ ಹಾಕಿದ್ದೇನೆ. ಜನ ಹಟಮಾರಿಗಳು ಅಂತ ಮೇಲಿನವರು ಅಂದ್ಕೊಳ್ತಾರೆ. ಹಾಗಲ್ಲ. ಆ ಸೂಜಿ ನೋವು. ತೋಳು ಊದಿಕೊಂಡು ಮಾರನೇ ದಿನ ಕತ್ತಿ ಹಿಡಿಯೋಕೆ ಆಗಲ್ಲ. ಒಂದು ತಿಂಗಳಿಗೆ ಇನ್ನೊಂದು, 6ರಿಂದ 9 ತಿಂಗಳಿಗೆ ಬೂಸ್ಟರ್, ಆಮೇಲೆ ವರ್ಷ ವರ್ಷ. ಅಡಿಕೆ ಕೊಯ್ಲಿನ ದಿನಗಳಲ್ಲಿ ಕೂಲಿ ಬಿಟ್ಟು ಮತ್ತೆ ಆ ನೋವಿಗೆ ಯಾರು ಬರ್ತಾರೆ ಹೇಳಿ. ಎರಡನೇ ಡೋಸಿಗೆ ಮನೆಗೆ ಹೋದ್ರೆ ಗಂಡಸರು ತೋಟಕ್ಕೆ ಹೋಗಿರ್ತಿದ್ರು, ಹೆಂಗಸರು ಬಾಗಿಲಲ್ಲೇ, ಅಕ್ಕಾ, ಮುಂದಿನ ವಾರ ನೋಡೋಣ ಅಂತಿದ್ರು.

ಆ ಲಸಿಕೆ 2022ರಿಂದ ಇಲ್ಲ, ನಿಲ್ಲಿಸಿದ್ದಾರೆ. ಹೊಸದನ್ನು ತಯಾರಿಸೋ ಕೆಲಸಕ್ಕೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಕೈಹಾಕಿದೆ. ಅಲ್ಲಿವರೆಗೆ ನಮ್ಮ ಕೈಲಿರೋದು ಉಣುಗು ಹತ್ತದ ಹಾಗೆ ಹಚ್ಚೋ ಡೀಪಾ ಎಣ್ಣೆ, ಮೈ ಮುಚ್ಚೋ ಬಟ್ಟೆ, ಕಾಡಿಂದ ಬಂದ ಕೂಡಲೇ ಬಿಸಿನೀರು ಸೋಪಿನ ಸ್ನಾನ, ಬಟ್ಟೆ ಬಿಸಿನೀರಲ್ಲಿ ನೆನೆಸೋದು, ಜ್ವರ ಬಂದ ಕೂಡಲೇ ಆಸ್ಪತ್ರೆ. ಈ ರೋಗಕ್ಕೇ ಅಂತ ಔಷಧಿ ಇಲ್ಲ. ಆದ್ರೆ ಬೇಗ ಬಂದ್ರೆ ಮೈಯಲ್ಲಿ ನೀರು ಕಮ್ಮಿಯಾಗದ ಹಾಗೆ ನೋಡ್ಕೊಂಡು, ರಕ್ತಸ್ರಾವದ ಮೇಲೆ ಕಣ್ಣಿಟ್ಟು ಉಳಿಸ್ಕೋಬಹುದು. ನೂರು ಜನರಿಗೆ ಬಂದ್ರೆ ಮೂರರಿಂದ ಐದು ಜನ ಸಾಯ್ತಾರೆ ಅನ್ನೋದು ಸಾಮಾನ್ಯ ಲೆಕ್ಕ. ಜ್ವರ ಒಮ್ಮೆ ಬಿಟ್ಟು, ಒಂದೆರಡು ವಾರದ ಮೇಲೆ ಕೆಲವರಿಗೆ ಮತ್ತೆ ಬರುತ್ತೆ. ಆಗ ತಲೆನೋವು, ಕುತ್ತಿಗೆ ಬಿಗಿತ, ನಡುಕ, ಗೊಂದಲ. ವಾಸಿಯಾಯ್ತು ಅಂತ ಕೆಲಸಕ್ಕೆ ಹೋದವರು ಬಿದ್ದದ್ದನ್ನು ನೋಡಿದ್ದೇನೆ. ಹಾಗಾಗಿ ಜ್ವರ ಬಿಟ್ಟ ಮೇಲೂ ಆಶಾ ಕಾರ್ಯಕರ್ತೆ ಆ ಮನೆಗೆ ಹೋಗಿ ವಿಚಾರಿಸ್ತಾ ಇರಬೇಕು.

ಓದೋಕೆ ಹೊರಟಿದ್ದೀಯ ಕಂದಾ, ಒಳ್ಳೇದು. ಓದಿ ಬಂದ ಮೇಲೆ ನಮ್ಮ ಹತ್ರ ಫಾರ್ಮ್ ತುಂಬಿಸೋ ಮೊದಲು ನಮ್ಮ ಜೊತೆ ಒಂದು ದಿನ ಮನೆ ಭೇಟಿಗೆ ಬಾ.

---

ಕಾನಂಚಿನ_ಹುಡುಗಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೇಷ್ಟ್ರ 800ರಲ್ಲಿ 12ರ ಲೆಕ್ಕ ಮನೇಲಿ ಚೀಟಿ ಮೇಲೆ ಬರೆದು ತೋರಿಸಿದೆ, ಅಪ್ಪ ಒಪ್ಪಿದ್ರು, ಚಿಕ್ಕಪ್ಪ ಇನ್ನೂ ಒಪ್ಪಿಲ್ಲ. ಸಿಸ್ಟರ್, ಖಂಡಿತ ಬರ್ತೀನಿ.

ಇನ್ನು ಎರಡು ಕೇಳಬೇಕು. ಕೋರ್ಸ್ ಎಲ್ಲೆಲ್ಲಿದೆ? ಮತ್ತೆ ಈ ವರ್ಷ ಕಾಲೇಜಲ್ಲಿ ಒಂದು ಸಣ್ಣ ಪ್ರಾಜೆಕ್ಟ್ ಮಾಡಬೇಕು, ನಮ್ಮೂರಲ್ಲೇ ಇದರ ಬಗ್ಗೆ ಏನಾದ್ರೂ ಮಾಡಬಹುದಾ? ಬಿಳಿ ಬಟ್ಟೆ ಎಳೆದು ಉಣುಗು ಹಿಡಿಯೋದನ್ನು ವಿಡಿಯೋದಲ್ಲಿ ನೋಡಿದೆ, ಅದನ್ನು ಮಾಡೋಣ ಅಂತಿದ್ದೆ.

---

ಉಣುಗಿನ_ಜಾಡು

ಬೇಡ. ದಯವಿಟ್ಟು ಬೇಡ. ಬಟ್ಟೆ ಎಳೆಯೋದು ನೋಡೋಕೆ ಸುಲಭ, ಆದ್ರೆ ಆ ಕಾಡಿನಲ್ಲಿ ಆ ಕಾಲದಲ್ಲಿ ಅದನ್ನು ತರಬೇತಿ ಆದವರು, ಮೈತುಂಬಾ ರಕ್ಷಣೆ ಹಾಕ್ಕೊಂಡು, ಮಾದರಿಯನ್ನು ಸುರಕ್ಷಿತ ಲ್ಯಾಬಿಗೆ ಕಳಿಸೋ ವ್ಯವಸ್ಥೆ ಇಟ್ಕೊಂಡು ಮಾಡ್ತಾರೆ. ಈ ವೈರಸ್ ಲ್ಯಾಬಿನಲ್ಲೂ ಕೆಲಸ ಮಾಡುವವರಿಗೆ ತಗುಲಿದೆ. ಕಾಲೇಜಿನ ಪ್ರಯೋಗಾಲಯದಲ್ಲಿ ಜೀವಂತ ಉಣುಗು ಇಡೋ ಮಾತೇ ಇಲ್ಲ.

ಕೋರ್ಸ್ ವಿಷಯ. ಉಣುಗು, ಸೊಳ್ಳೆ ಕಡೆ ಒಲವಿದ್ರೆ ಪುದುಚೇರಿಯ ವೆಕ್ಟರ್ ಕಂಟ್ರೋಲ್ ರಿಸರ್ಚ್ ಸೆಂಟರ್‌ನಲ್ಲಿ ಪಬ್ಲಿಕ್ ಹೆಲ್ತ್ ಎಂಟಮಾಲಜಿ ಎಂಎಸ್ಸಿ ಇದೆ, ಝುವಾಲಜಿಯವರಿಗೆ ಹೇಳಿ ಮಾಡಿಸಿದ್ದು. ವೈರಸ್ಸಿನ ಕಡೆ ಒಲವಿದ್ರೆ ಪುಣೆಯ ಎನ್‌ಐವಿಯಲ್ಲಿ ವೈರಾಲಜಿ ಎಂಎಸ್ಸಿ. ಎಪಿಡೆಮಿಯಾಲಜಿಯೇ ಬೇಕು ಅಂದ್ರೆ ಎಂಪಿಎಚ್. ಚೆನ್ನೈನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಎಪಿಡೆಮಿಯಾಲಜಿ, ತಿರುವನಂತಪುರದ ಶ್ರೀ ಚಿತ್ರ ಸಂಸ್ಥೆ, ನಮ್ಮಲ್ಲಿ ಮಣಿಪಾಲ, ಮೈಸೂರಿನ ಜೆಎಸ್‌ಎಸ್ ನೋಡಿ. ಯಾರನ್ನು ತಗೊಳ್ತಾರೆ, ಫೀಸು ಎಷ್ಟು ಅನ್ನೋದು ವರ್ಷ ವರ್ಷ ಬದಲಾಗುತ್ತೆ, ಆಯಾ ವರ್ಷದ ಪ್ರಕಟಣೆ ಓದಿ. ಅಲ್ಲಿವರೆಗೆ ಸುಮ್ನೆ ಕೂರಬೇಡಿ. ಅದೇ ಚೆನ್ನೈ ಸಂಸ್ಥೆಯವರು ಆನ್‌ಲೈನ್ ಪಾಠಗಳ ತಾಣ ಎನ್‌ಪಿಟೆಲ್‌ನಲ್ಲಿ ಆರೋಗ್ಯ ಸಂಶೋಧನೆಯ ಮೂಲಪಾಠ ಉಚಿತವಾಗಿ ಕೊಡ್ತಾರೆ, ಪರೀಕ್ಷೆ ಬರೀಬೇಕಾದ್ರೆ ಮಾತ್ರ ಶುಲ್ಕ. ಅಂಕಿ ಲೆಕ್ಕಕ್ಕೆ ಆರ್, ನಕ್ಷೆಗೆ ಕ್ಯೂಜಿಐಎಸ್, ಈ ಎರಡು ಸಾಫ್ಟ್‌ವೇರೂ ಉಚಿತ.

---

ಲೈನ್‌ಲಿಸ್ಟ್

ಪ್ರಾಜೆಕ್ಟಿಗೆ ನಾನೊಂದು ಹೇಳ್ತೇನೆ ತಂಗಿ. ಡೀಪಾ ಎಣ್ಣೆ ಹಂಚ್ತಾರೆ, ಎಷ್ಟು ಬಾಟಲಿ ಹಂಚಿದ್ವಿ ಅನ್ನೋದು ನಮ್ಮ ವರದಿಯಲ್ಲಿ ಬರುತ್ತೆ. ಎಷ್ಟು ಜನ ಹಚ್ಕೊಳ್ತಾರೆ ಅನ್ನೋದು ಬರಲ್ಲ. ಅದನ್ನು ನೀವು ನೋಡಬಹುದು.

ನಿಮ್ಮ ಪಂಚಾಯಿತಿಯ ಎರಡು ಮೂರು ಹಳ್ಳಿ ತಗೊಳ್ಳಿ. ಆಶಾ ಕಾರ್ಯಕರ್ತೆ ಹತ್ರ ಮನೆಗಳ ಪಟ್ಟಿ ಇರುತ್ತೆ, ಅದರಿಂದ ಚೀಟಿ ಎತ್ತಿ ಮನೆ ಆರಿಸಿ. ರಸ್ತೆ ಪಕ್ಕದ ಮನೆ, ಪರಿಚಯದ ಮನೆ ಅಂತ ಹೋದ್ರೆ ಗುಡ್ಡದ ಒಳಗಿನ ಒಂಟಿ ಮನೆಗಳು ಬಿಟ್ಟುಹೋಗ್ತವೆ, ಅಪಾಯ ಜಾಸ್ತಿ ಇರೋದು ಅಲ್ಲೇ. ಬೀಗ ಹಾಕಿದ ಮನೆಗೆ ಇನ್ನೊಂದು ಸಲ ಹೋಗಿ, ಪಕ್ಕದ ಮನೆಯನ್ನು ಬದಲಿಗೆ ಹಾಕ್ಬೇಡಿ.

ಪ್ರಶ್ನೆ ಕೇಳೋದರಲ್ಲಿ ಜಾಣತನ ಬೇಕು. ಕಾಡಿಗೆ ಹೋಗುವಾಗ ಎಣ್ಣೆ ಹಚ್ಕೊಳ್ತೀರಾ ಅಂದ್ರೆ ಎಲ್ಲರೂ ಹೂಂ ಅಂತಾರೆ. ಕೊನೇ ಸಲ ಕಾಡಿಗೆ ಹೋಗಿದ್ದು ಯಾವತ್ತು ಅಂತ ಕೇಳಿ. ಏನಕ್ಕೆ, ಎಷ್ಟು ಹೊತ್ತಿಗೆ ಹೊರಟ್ರಿ, ಅವತ್ತು ಹಚ್ಚಿದ್ರಾ, ಎಲ್ಲೆಲ್ಲಿಗೆ ಹಚ್ಚಿದ್ರಿ ಅಂತ ಕೇಳಿ. ಆಮೇಲೆ ಬಾಟಲಿ ತೋರಿಸ್ತೀರಾ ಅನ್ನಿ. ಸೀಲೂ ಒಡೆಯದ ಬಾಟಲಿ ದೇವರ ಗೂಡಿನ ಪಕ್ಕ ಇರೋ ಮನೆಗಳು ಸಿಗುತ್ತವೆ. ಬೈಬೇಡಿ, ಯಾಕೆ ಅಂತ ಕೇಳಿ. ವಾಸನೆ ಅಂತಾರಾ, ಉರಿ ಅಂತಾರಾ, ಮೈಯೆಲ್ಲ ಜಿಡ್ಡಾಗಿ ಬೆವರಿಗೆ ಹಿಂಸೆ ಅಂತಾರಾ, ದನ ಹೊಡ್ಕೊಂಡು ಹೋಗೋ ಅವಸರದಲ್ಲಿ ಮರೆತೆ ಅಂತಾರಾ, ಅವರ ಮಾತಲ್ಲೇ ಬರ್ಕೊಳ್ಳಿ. ಗಂಡಸರು ಹೆಂಗಸರು ಇಬ್ಬರನ್ನೂ ಬೇರೆ ಬೇರೆ ಕೇಳಿ, ದರಗಿಗೆ ಹೋಗೋದು ಹೆಚ್ಚಾಗಿ ಹೆಂಗಸರು.

ಕಾಲೇಜಿನ ಎಥಿಕ್ಸ್ ಸಮಿತಿ ಒಪ್ಪಿಗೆ ಮೊದಲು ಬೇಕು, ಅದಿಲ್ಲದಿದ್ರೆ ನಿಮ್ಮ ಗೈಡ್ ಹತ್ರ ಕೇಳಿ ಬೇರೆ ಸಂಸ್ಥೆಯದ್ದು ಪಡೀರಿ. ಪಿಎಚ್‌ಸಿ ವೈದ್ಯಾಧಿಕಾರಿಗೂ ಪತ್ರ ಕೊಡಿ. ಮನೆಯವರಿಗೆ ಯಾತಕ್ಕೆ ಕೇಳ್ತಿದ್ದೀರಿ ಅಂತ ಹೇಳಿ, ಬೇಡ ಅಂದ್ರೆ ವಾಪಸ್ ಬನ್ನಿ, ಆದ್ರೆ ಬೇಡ ಅಂದ ಮನೆಗಳ ಸಂಖ್ಯೆಯನ್ನೂ ಬರ್ಕೊಳ್ಳಿ. ಹೆಸರು ಒಂದು ಪುಸ್ತಕದಲ್ಲಿ, ಉತ್ತರ ಇನ್ನೊಂದರಲ್ಲಿ ಇರಲಿ, ನಡುವೆ ನಂಬರ್ ಮಾತ್ರ.

ನಿಂಫ್ ಏಳೋದು ನವೆಂಬರ್‌ಗೆ. ಅಕ್ಟೋಬರ್ ಒಳಗೆ ಮುಗಿಸಿ ಪಿಎಚ್‌ಸಿಗೆ ಒಂದು ಪುಟದಲ್ಲಿ ಬರೆದುಕೊಟ್ರೆ ಆ ಸೀಸನ್ನಿಗೇ ಉಪಯೋಗಕ್ಕೆ ಬರುತ್ತೆ. ಪ್ರಶ್ನಾವಳಿ ಮಾಡಿದ ಮೇಲೆ ಇಲ್ಲೇ ಹಾಕಿ, ಎಲ್ಲರೂ ನೋಡ್ತೀವಿ. ಸಿಸ್ಟರ್ ಮೊದಲು ನೋಡ್ಲಿ.